ತೆಗೆಯಬೇಕೆ? ಹೌದು

ಆ ಗುರುವಾರದ ದಿನಾಂಕದ ಕೆಳಗೆ ನನ್ನ ನೋಟುಬುಕ್ಕಿನಲ್ಲಿ ಬರೆದದ್ದು ಇಷ್ಟು: ಬೆಳಿಗ್ಗೆ ಹನ್ನೆರಡು ರೊಟ್ಟಿ ತಟ್ಟಿದೆ. ಹಾಲು ಕಾಸಿದೆ, ಉಕ್ಕಲಿಲ್ಲ. ಯಜಮಾನರ ಖಾಕಿ ಅಂಗಿಗೆ ಎರಡನೆಯ ಗುಂಡಿ ಹಚ್ಚಿದೆ. ಹಿತ್ತಲಿನ ಕರಿಬೇವಿಗೆ ಹುಳಿ ಮಜ್ಜಿಗೆ ಹೊಯ್ದೆ. ಶೇಂಗಾ ಹುರಿದು ಸಿಪ್ಪೆ ತೂರಿದೆ. ಹತ್ತಕ್ಕೆ ವಾಚನಾಲಯದ ಬೀಗ ತೆಗೆದೆ, ಕಸ ಹೊಡೆದೆ, ಪೇಪರುಗಳನ್ನು ಕೋಲಿಗೆ ಹಾಕಿದೆ. ಕನ್ನಡ ಕಪಾಟಿನ ಹದಿನೆಂಟು ಪುಸ್ತಕ ಕಂಪ್ಯೂಟರಿಗೆ ಏರಿಸಿದೆ. ಸಂಜೆ ವೈನಿಯನ್ನು ನಿಪ್ಪಾಣಿ ಬಸ್ಸಿಗೆ ಹತ್ತಿಸಿದೆ. ತಿರುಗಿ ಬಂದು ಅವಳ ಪಟ್ಟಿಯನ್ನೆಲ್ಲ ತೆಗೆದು ನೋಡಿದೆ. ಎಲ್ಲ ಸರಿಯಾಗಿತ್ತು.

ಕೊನೆಯ ಎರಡು ಸಾಲುಗಳ ಕೆಳಗೆ ಮರುದಿನ ನಾನೇ ಕೆಂಪು ಗೆರೆ ಎಳೆದಿದ್ದೇನೆ. ಬರೆದದ್ದು ಸುಳ್ಳೇನೂ ಆಗಿರಲಿಲ್ಲ. ನಾನು ತಿಳಿದದ್ದಕ್ಕಿಂತ ಹೆಚ್ಚು ನಿಜವಾಗಿತ್ತು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ನಿಪ್ಪಾಣಿಯ ಮರಾಠಿ ಮನೆಯವಳು. ಅವಳು ನನ್ನನ್ನು ‘ವನ್ಸ’ ಎನ್ನುತ್ತಾಳೆ. ಗಂಡನ ತಂಗಿಯನ್ನು ಅವರ ಕಡೆ ಹಾಗೆ ಕರೆಯುವುದು. ಒಂಬತ್ತನೆಯ ವಯಸ್ಸಿನಿಂದ ಐವತ್ತಮೂರರವರೆಗೆ ಬೀಡಿ ಕಟ್ಟಿದವಳು. ಮೊರದಲ್ಲಿ ತಂಬಾಕು, ಪಕ್ಕದಲ್ಲಿ ನೆನೆಸಿದ ಎಲೆ, ಕಣ್ಣು ಟಿವಿಯ ಮೇಲೋ ಬಾಗಿಲಲ್ಲಿ ಬಂದವರ ಮೇಲೋ ಇರುತ್ತಿತ್ತು. ಎಲೆ ಸುತ್ತುವಾಗ, ಬಾಯಿ ಮಡಿಸುವಾಗ, ದಾರ ಬಿಗಿಯುವಾಗ ಒಮ್ಮೆಯೂ ಅವಳು ಕೈ ನೋಡಿಕೊಂಡದ್ದನ್ನು ನಾನು ಕಂಡಿಲ್ಲ. ಹೋದ ವರ್ಷ ಕೆಮ್ಮು ಹಿಡಿದದ್ದು ಬಿಡಲಿಲ್ಲ. ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು, “ತಂಬಾಕಿನ ಧೂಳಿ ಇನ್ನ ಸಾಕ್ರಿ. ಮತ್ತ ಮೊರದ ಮುಂದ ಕೂತ್ರ ನನ್ನ ಕಡೆ ಬರಬ್ಯಾಡ್ರಿ,” ಎಂದಿದ್ದರು.

ನಾನು ಚಿಕ್ಕೋಡಿಯ ಒಂದು ಹಳೆಯ ವಾಚನಾಲಯ ನೋಡಿಕೊಳ್ಳುತ್ತೇನೆ. ಅರ್ಧ ಕಪಾಟು ಕನ್ನಡ, ಅರ್ಧ ಮರಾಠಿ. ಪುಸ್ತಕಗಳ ಪಟ್ಟಿಯನ್ನು ಇಂಟರ್ನೆಟ್ಟಿಗೆ ಹಾಕುವ ಕೆಲಸ ಬಂದಾಗ ಮರಾಠಿ ಟೈಪ್ ಮಾಡುವವರು ಬೇಕಾದರು. ನಾನು ವೈನಿಯ ಹೆಸರು ಹೇಳಿದೆ. ನಮ್ಮ ಕಾರ್ಯದರ್ಶಿಗಳು ನಿವೃತ್ತ ಶಾಲಾ ಮಾಸ್ತರರು. ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಬೀಡಿ ಕಟ್ಟೋ ಬಾಯಿಯವರು ಕಂಪ್ಯೂಟರ್ ಹೆಂಗ ಮಾಡತಾರ್ರಿ?” ಎಂದರು. ಹೆಂಗಸರನ್ನು ಅವರು ‘ಬಾಯಿ’ ಎಂದೇ ಕರೆಯುವುದು. ಆಮೇಲೆ ಮನಸ್ಸು ಕರಗಿ, “ಮೂರು ತಿಂಗಳ ನೋಡೋಣು. ಕಮಿಟಿಯವರಿಗೆ ಪಟ್ಟಿ ತೋರಿಸೋಣು. ಸರಿ ಅನಿಸಿದ್ರ ಇರ್ಲಿ,” ಎಂದರು. ಆ ಮೂರು ತಿಂಗಳು ಮುಗಿಯುವುದು ನಾನು ಹೇಳುತ್ತಿರುವ ವಾರದ ಶನಿವಾರ. ಸರಿ ಅನಿಸದಿದ್ದರೆ ವೈನಿ ಮತ್ತೆ ಮೊರದ ಮುಂದೆ ಕೂಡಬೇಕು. ಬೇರೆ ಕೆಲಸ ಅವಳಿಗೆ ಗೊತ್ತಿರಲಿಲ್ಲ.

ಮೊದಲ ದಿನ ಅವಳ ಬೆರಳುಗಳನ್ನು ಕೀಲಿಮಣೆಯ ನಡುವಿನ ಸಾಲಿನಲ್ಲಿ ಇರಿಸಿದೆ. “ಅಗ ಬಾಯ್, ಎರಡ ಕೀಲಿ ಮ್ಯಾಲ ಗುಳ್ಳಿ ಅದಾವ,” ಎಂದು ನಕ್ಕಳು. ನಾನು ಇಪ್ಪತ್ತು ವರ್ಷದಿಂದ ಟೈಪ್ ಮಾಡುತ್ತಿದ್ದೆ. ಎಫ್ ಮತ್ತು ಜೆ ಮೇಲೆ ಆ ಚಿಕ್ಕ ಉಬ್ಬು ಇರುವುದು ಗೊತ್ತಿದ್ದರೂ ಎಂದೂ ಮುಟ್ಟಿ ನೋಡಿರಲಿಲ್ಲ. ಅವಳು ಅವನ್ನು ಗುರುತಿಟ್ಟುಕೊಂಡೇ ಕೀಲಿಮಣೆಯ ಊರೆಲ್ಲ ಅಡ್ಡಾಡಿದಳು. ಇಂಗ್ಲಿಷ್ ಅಕ್ಷರ ಅವಳಿಗೆ ಬಾರದು. ಆಗ ಪರದೆಯ ಮೇಲಿನ ಮಾತೆಲ್ಲ ಇಂಗ್ಲಿಷ್. ಬರೆದದ್ದನ್ನು ಉಳಿಸಲು ಆಲ್ಟ್ ಹಿಡಿದು ಎಸ್ ಒತ್ತಬೇಕು. ನನಗದು ‘ಸೇವ್‌’ನ ಎಸ್. ಅವಳಿಗೆ ಹೆಬ್ಬೆರಳು ಕೆಳಗೆ, ಉಂಗುರ ಬೆರಳು ಮೇಲೆ, ಒಂದು ಚಿವುಟು.

“ಬೀಡಿ ಬಾಯಿ ಮುಚ್ಚಿದಂಗ ಐತಿ ವನ್ಸ,” ಎಂದಳು. “ಚಿವುಟಿದ್ರ ಆತು, ಒಳಗಿಂದು ಚೆಲ್ಲೂದಿಲ್ಲ.”

ತಿಂಗಳೊಳಗೆ ಅವಳು ಕಿಟಕಿಯಾಚೆ ನೋಡುತ್ತ ಟೈಪ್ ಮಾಡತೊಡಗಿದಳು. ನಾನು ಪುಸ್ತಕ ಒರೆಸುವುದನ್ನು ಬಿಟ್ಟು ಎಷ್ಟೋ ಸಲ ಸುಮ್ಮನೆ ಆ ಕೈ ನೋಡುತ್ತ ನಿಂತಿದ್ದೇನೆ. ನಾಲ್ವತ್ತು ವರ್ಷ ಎಲೆ ತಿರುವಿದ ಕೈ ಹೊಸ ಊರಿಗೆ ಬಂದು ಹಳೆಯ ನಡಿಗೆಯಲ್ಲೇ ನಡೆಯುತ್ತಿತ್ತು.

ಆ ವಾರದ ಸೋಮವಾರ ಕಂಪ್ಯೂಟರ್ ಹಚ್ಚಿದರೆ ಪರದೆ ಕನ್ನಡದಲ್ಲಿತ್ತು! ಸಾಫ್ಟ್‌ವೇರಿನ ಹುಡುಗಿ, ಮೈಸೂರು ಕಡೆಯವಳು, ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಹೊಸದು ಬರುತ್ತದೆ ಎಂದು ಅವಳು ಹೇಳಿದ್ದು ನನಗೆ ಮರೆತಿತ್ತು. ಮೇಲೆ ಒಂದು ಪಟ್ಟಿ: ‘ಇನ್ನು ಮುಂದೆ ಶಾರ್ಟ್‌ಕಟ್ ಕೀಲಿಗಳು ನಿಮ್ಮ ಭಾಷೆಗೆ ಹೊಂದಿಕೊಳ್ಳುತ್ತವೆ.’ ಅದರ ಕೆಳಗೆ ‘ಉಳಿಸು’. ಆ ‘ಉ’ದ ಕೆಳಗೆ ಸಣ್ಣ ಗೆರೆ. ಆಲ್ಟ್ ಹಿಡಿದು ಉ ಒತ್ತಿದೆ. ‘ಉಳಿಸಲಾಗಿದೆ’ ಎಂದಿತು.

ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ. ಸಾರು ಇಳಿಸುವಾಗ ಅವ್ವ ದಿನಾ ಹೇಳುತ್ತಿದ್ದ ಮಾತು ಅದು, “ಸಂಜೀಗೆ ಒಂದೀಟ ಉಳಸ ಬೇ” ಎಂದು. ಎಲ್ಲಿಯೋ ಇರುವ ಯಂತ್ರವೊಂದು ಆ ಮಾತಿನ ಮೊದಲ ಅಕ್ಷರ ಕೇಳಿ ಓಗೊಟ್ಟಿತ್ತು. ಐದಾರು ಪುಸ್ತಕಗಳನ್ನು ಸುಮ್ಮಸುಮ್ಮನೆ ಎರಡೆರಡು ಸಲ ಉಳಿಸಿದೆ.

ಆ ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. ಅವರು ಬಸ್ ಕಂಡಕ್ಟರು. ಚಿಕ್ಕೋಡಿಯಿಂದ ರಾಯಬಾಗ, ಅಥಣಿ, ಕಾಗವಾಡ ಮುಟ್ಟಿ ತಿರುಗಿ ಬರುವ ಗಾಡಿ ಅವರದು. ರೊಟ್ಟಿ ಮುರಿಯುತ್ತ ಅಂದರು, “ನಾ ಒಂದ ಘಂಟಿ ಹೊಡದ್ರ ಗಾಡಿ ನಿಲ್ಲತೈತಿ, ಎರಡ ಹೊಡದ್ರ ಹೊಕ್ಕೈತಿ. ಅಥಣ್ಯಾಗೂ ಅಷ್ಟ, ಕಾಗವಾಡದಾಗೂ ಅಷ್ಟ. ಕಾಗವಾಡ ಬಂತು, ಮರಾಠಿ ಮಂದಿ ಹತ್ಯಾರ ಅಂತ ನಾ ಮೂರ ಘಂಟಿ ಹೊಡದ್ರ ಡ್ರೈವರ್ ಏನ್ ಮಾಡಬೇಕ?”

“ನಿಮ್ಮ ಘಂಟಿಗೆ ಅಕ್ಷರ ಇಲ್ಲ ಬಿಡ್ರಿ,” ಎಂದೆ.

“ಅದಕ್ಕ ನೋಡ, ತಪ್ಪೂದಿಲ್ಲ.”

ವಾದದಲ್ಲಿ ನಾನೇ ಗೆದ್ದೆ ಎಂದುಕೊಂಡು ಮಲಗಿದೆ.

ವೈನಿಗೆ ಮಾತ್ರ ಆ ಸೋಮವಾರವೇ ಕೈಕಾಲು ಕಟ್ಟಿದಂತಾಗಿತ್ತು. ಅಲ್ಲಿಯವರೆಗೆ ಅವಳು ಹಾಕಿದ್ದೆಲ್ಲ ಅಭ್ಯಾಸದ ಪಟ್ಟಿ, ಕಮಿಟಿಗೆ ತೋರಿಸುವ ಎರಡು ಮರಾಠಿ ಕಪಾಟು ಆ ವಾರಕ್ಕೇ ಉಳಿದಿದ್ದವು. ಕಂಪ್ಯೂಟರ್ ಒಂದೇ, ಒಬ್ಬಳು ಕೂತಾಗ ಇನ್ನೊಬ್ಬಳು ಪುಸ್ತಕ ಒರೆಸುವುದು. ಅವಳ ಹೆಸರಿನಿಂದ ಒಳಗೆ ಹೋದರೆ ಪರದೆ ಮರಾಠಿ. ಉಳಿಸುವುದಕ್ಕೆ ಅಲ್ಲಿ ‘ಜತನ’, ಅದರ ಕೀಲಿ ಬಲಗೈಯ ಕೆಳಗೆ. ‘ಉ’ ಒತ್ತಿದರೆ ‘ಉಘಡ’, ಎಂದರೆ ಪುಸ್ತಕ ತೆರೆಯುತ್ತಿತ್ತು. ಒಂದೇ ಕೀಲಿ ನನಗೆ ಉಳಿಸುತ್ತಿತ್ತು, ಅವಳಿಗೆ ಬಾಗಿಲು ತೆರೆಯುತ್ತಿತ್ತು. ಅವಳ ಎಡಗೈ ಹಳೆಯ ಜಾಗದಲ್ಲಿ ಚಿವುಟಿತು. ಏನೂ ಆಗಲಿಲ್ಲ. ಇನ್ನೊಮ್ಮೆ ಚಿವುಟಿತು.

“ವನ್ಸ, ಕೀಲಿಗೋಳು ಮನಿ ಬದಲ ಮಾಡ್ಯಾವ,” ಎಂದಳು.

“ನಿಮ್ಮ ಮರಾಠಿಯೊಳಗ ಬಂದೈತಿ ವೈನಿ, ಛಲೋ ಆತಲ್ಲ?”

“ಓದಾಕ ಛಲೋ ಐತಿ. ನನ್ನ ಬಟ್ಟಿಗೆ ಓದಾಕ ಬರೂದಿಲ್ಲಲ್ಲ,” ಎಂದು ಬೆರಳು ಆಡಿಸಿ ತೋರಿಸಿದಳು.

ನಾನು ನಕ್ಕುಬಿಟ್ಟೆ. ಆ ಮಾತನ್ನು ಆಗಲೇ ಕಿವಿಗೆ ಹಾಕಿಕೊಳ್ಳಬೇಕಿತ್ತು. ಆ ನಾಲ್ಕು ದಿನ ಅವಳು ಒಂದೊಂದು ಪುಸ್ತಕಕ್ಕೂ ಕೀಲಿಮಣೆ ಬಿಟ್ಟು ಮೌಸ್ ಹಿಡಿದು, ‘ಜತನ’ ಎಲ್ಲಿದೆ ಎಂದು ಹುಡುಕಿ, ಬಾಣವನ್ನು ಅಲ್ಲಿಗೆ ನಡೆಸಿಕೊಂಡು ಹೋಗಿ ಒತ್ತಿದಳು. ಮಧ್ಯಾಹ್ನದ ಚಹಾ ಬಿಟ್ಟಳು. ಗುರುವಾರ ಸಂಜೆ ಬಸ್ಸಿನ ಹೊತ್ತಾದಾಗ ಕಣ್ಣು ಕೆಂಪಗಾಗಿತ್ತು. “ಆದ್ರ ಮರಾಠಿ ಎರಡೂ ಕಪಾಟ ಮುಗದಾವ. ನೀ ಒಂದಸರೆ ನೋಡ ವನ್ಸ, ಶನಿವಾರ ಮಂದಿ ಬರಾವರು ಅದಾರ,” ಎಂದು ಹೋದಳು.

ಅವಳ ಕೆಲಸ ತಪಾಸಣೆ ಮಾಡುವುದು ನನ್ನ ಪಾಲಿಗಿತ್ತು. ನನ್ನ ಹೆಸರಿನಿಂದ ಒಳಗೆ ಹೋಗಿ ಅವಳ ಪಟ್ಟಿ ಹಾಕಿಕೊಂಡೆ. ಎಡಕ್ಕೆ ಪುಸ್ತಕಗಳ ಸಾಲು, ಬಲಕ್ಕೆ ವಿವರ. ಒಂದೊಂದೇ ಪುಸ್ತಕ ತೆಗೆದು ನೋಡಬೇಕು. ಕನ್ನಡದಲ್ಲಿ ಕೀಲಿ ಬಂದ ಮೇಲೆ ಶಾರ್ಟ್‌ಕಟ್ ಬರೆದಿಟ್ಟುಕೊಂಡ ಕಾಗದ ನೋಡುವ ಅಗತ್ಯವೇನು? ಪುಸ್ತಕ ತೆಗೆಯುವುದಕ್ಕೆ ‘ತ’. ಒತ್ತಿದೆ.

‘ತೆಗೆಯಬೇಕೆ?’ ಎಂದು ಕೇಳಿತು. ಕೆಳಗೆ ‘ಹೌದು’, ‘ಬೇಡ’.

ಎಷ್ಟು ಮರ್ಯಾದೆ ಈ ಯಂತ್ರಕ್ಕೆ, ಪುಸ್ತಕ ತೆರೆಯುವ ಮುಂಚೆ ಕೇಳುತ್ತದಲ್ಲ ಎಂದುಕೊಂಡೆ. ಹೌದು ಎಂದೆ. ಸಾಲು ಮೇಲೆ ಸರಿಯಿತು, ಬಲಗಡೆ ಪುಸ್ತಕದ ವಿವರ ಕಂಡಿತು. ಓದಿದೆ, ಸರಿಯಿತ್ತು. ಮತ್ತೆ ತ, ಮತ್ತೆ ಹೌದು. ಇನ್ನೊಂದು ವಿವರ. ನೋಡಿ ಮುಗಿದವು ಬದಿಗೆ ಹೋಗುತ್ತವೆ, ಬಂದ ಕಾಗದಗಳನ್ನು ಓದಿ ಪಕ್ಕಕ್ಕಿಟ್ಟ ಹಾಗೆ ಎಂದು ತಿಳಿದೆ. ಎರಡೂ ಕಪಾಟು ಮುಗಿಸಿದೆ. ಕೊನೆಗೆ ಪರದೆ, ‘ಇಲ್ಲಿ ಯಾವ ಪುಸ್ತಕವೂ ಇಲ್ಲ’ ಎಂದಿತು. ನೋಡುವುದು ಉಳಿದಿಲ್ಲ ಎಂದು ಹೇಳುತ್ತಿದೆ ಎಂದುಕೊಂಡು ದೀಪ ಆರಿಸಿದೆ.

ಶುಕ್ರವಾರ ಹತ್ತೂವರೆಗೆ ಕಾರ್ಯದರ್ಶಿಗಳು ಕಂಪ್ಯೂಟರಿನ ಮುಂದೆ ಬಗ್ಗಿ ನಿಂತಿದ್ದರು. ವೈನಿ ಬುತ್ತಿಯ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಇಲ್ಲಿ ಒಂದ ಪುಸ್ತಕಾನೂ ಇಲ್ರಿ ಬಾಯಿ,” ಎಂದರು ಅವರು. ಸಿಟ್ಟಿನ ದನಿ ಅಲ್ಲ. ಅದಕ್ಕಿಂತ ಕಷ್ಟದ, ಬೇಸರದ ದನಿ. “ನಾಳೆ ಮೂರಕ್ಕ ಕಮಿಟಿಯವರು ಬರತಾರ. ನಾ ಏನ್ ತೋರಸಲಿ?”

ವೈನಿ ತನ್ನ ಕೈ ನೋಡಿಕೊಂಡಳು. ಅವಳು ಕೈ ನೋಡಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು. “ನನ್ನ ಬಟ್ಟ ಎಲ್ಲೋ ತಪ್ಪಿರಬೇಕ್ರಿ ಮಾಸ್ತರ,” ಎಂದಳು. “ಹೊಸಾ ಕೀಲಿ ನನಗ ಕೂಡಲಿಲ್ಲ. ನಾ ಹೊಕ್ಕೀನ್ರಿ.”

“ಏ, ನಿಲ್ಲ ವೈನಿ!” ಎಂದೆ. “ಎಲ್ಲಾ ಇದ್ದೂವ್ರಿ ಸರ. ನಿನ್ನೆ ಸಂಜೀಕ ನಾ ಖುದ್ದ ಒಂದೊಂದ ತಗದ ನೋಡೀನಿ.”

ಕಾರ್ಯದರ್ಶಿಗಳು ನೆಟ್ಟಗಾದರು. ಮೂವತ್ತು ವರ್ಷ ಮಕ್ಕಳ ತಪ್ಪು ಹಿಡಿದವರು. ಮೆಲ್ಲಗೆ ಕೇಳಿದರು, “ತಗದ ನೋಡೀರೋ, ನೋಡಿ ತಗದೀರೋ?”

ಕುರ್ಚಿ ಎಳೆದುಕೊಂಡೆ. ಕೂತು, ನಾನೇ ಏರಿಸಿದ ಒಂದು ಕನ್ನಡ ಪುಸ್ತಕದ ಸಾಲಿನ ಮೇಲೆ ನಿಂತು, ‘ತ’ ಒತ್ತಿದೆ. ‘ತೆಗೆಯಬೇಕೆ?’ ಹೌದು. ಪುಸ್ತಕ ಹೋಯಿತು. ಬಲಗಡೆ ಕಂಡದ್ದು ಅದರ ಕೆಳಗಿದ್ದ ಪುಸ್ತಕದ ವಿವರ.

ಬೆಳಿಗ್ಗೆ ಬೀಗ ತೆಗೆದಿದ್ದೆ, ಬಾಗಿಲು ತೆಗೆದಿದ್ದೆ, ಕಸ ತೆಗೆದಿದ್ದೆ, ಕಾಲಿನ ಚಪ್ಪಲಿ ತೆಗೆದಿದ್ದೆ. ತೆರೆದದ್ದೂ ಅದೇ, ಇಲ್ಲವಾಗಿಸಿದ್ದೂ ಅದೇ. ಐವತ್ತು ವರ್ಷ ಆ ಎರಡನ್ನೂ ಒಂದೇ ಮಾತಿನಲ್ಲಿ ಹೇಳುತ್ತ ಬಂದಿದ್ದೇನೆ, ಒಂದು ದಿನವೂ ಯಾರೂ ತಪ್ಪು ತಿಳಿದಿರಲಿಲ್ಲ. ಬಾಗಿಲು ತೆಗೆ ಎಂದರೆ ಯಾರೂ ಬಾಗಿಲು ಕಿತ್ತು ಬಿಸಾಡುವುದಿಲ್ಲ. ನಮ್ಮ ಬಾಯಲ್ಲಿ ಇಷ್ಟು ದೊಡ್ಡ ಮಾತು ಇಷ್ಟು ಹಗುರಾಗಿ ಓಡಾಡಿಕೊಂಡಿತ್ತೇ ಎಂದು ನನಗೆ ಮೈ ಜುಮ್ಮೆಂದಿತು. ತಪ್ಪು ಮಾಡಿದವಳಿಗೆ ಆ ಹೊತ್ತಿನಲ್ಲಿ ಬೆರಗು ಬರಬಾರದು. ಆದರೂ ಬಂತು.

“ಶಾಳ್ಯಾಗ ನಾನೂ ದಿನಾ ‘ಪುಸ್ತಕಾ ತಗೀರಿ’ ಅಂತಿದ್ದೆ,” ಎಂದು ಕಾರ್ಯದರ್ಶಿಗಳು ತಮ್ಮಷ್ಟಕ್ಕೆ ಹೇಳಿಕೊಂಡರು. “ಪುಣ್ಯಾಕ ಹುಡುಗೂರು ತಗದ ಒಗೀಲಿಲ್ಲ.”

ವೈನಿಯ ಮುಂದೆ ಹೋಗಿ ನಿಂತೆ. “ತಪ್ಪ ನಂದ ವೈನಿ.”

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಚೀಲ ಕೆಳಗಿಟ್ಟಳು. “ನನ್ನ ಬಟ್ಟ ತಪ್ಪಿಲ್ಲ ಹೌದಿಲ್ಲೋ?” ಎಂದಳು.

“ಇಲ್ಲ.”

“ಹಂಗಾದ್ರ ಆತು.” ಮೂಗು ಏರಿಸಿ ಉಸಿರೆಳೆದಳು. “ಹುಡುಗೀಗೆ ಫೋನ್ ಹಚ್ಚ. ನಾ ಮಾತಾಡತೀನಿ.”

ಸಾಫ್ಟ್‌ವೇರಿನ ಹುಡುಗಿ ಮೊದಲು ಗಾಬರಿಯಾದಳು. ಹೋದದ್ದು ತಿರುಗಿ ಬರುವುದಿಲ್ಲ ಎಂದು ಹೇಳುವಾಗ ದನಿ ಸಣ್ಣದಾಯಿತು. “ಮೇಡಂ, ತೆಗೆ ಅಂದ್ರೆ ರಿಮೂವ್ ಅಂತ ತಾನೇ? ಓಪನ್‌ಗೆ ‘ವೀಕ್ಷಿಸು’ ಅಂತ ಕೊಟ್ಟಿದ್ವಲ್ಲ, ಕೀಲಿ ‘ವ’.”

“ನಮ್ಮ ಊರಾಗ ಯಾರೂ ವೀಕ್ಷಿಸೂದಿಲ್ಲವಾ ತಂಗಿ,” ಎಂದೆ. “ನಿಮ್ಮ ಮನ್ಯಾಗ ಅವ್ವ ಹೊರಗ ನಿಂತ್ರ ಏನಂತಾರ?”

“ಬಾಗಿಲು ತೆಗಿಯೇ... ಅಯ್ಯೋ, ಹೌದಲ್ವಾ!” ನಗಬಾರದೆಂದು ತಡೆದುಕೊಂಡದ್ದು ಫೋನಿನಲ್ಲೇ ತಿಳಿಯಿತು. “ಸಾರಿ ಮೇಡಂ. ಹಾಗಾದ್ರೆ ನೀವೇ ಹೇಳಿ, ಶಾರ್ಟ್‌ಕಟ್ ಭಾಷೆಗೆ ತಕ್ಕ ಹಾಗೆ ಬದಲಾಗಬೇಕಾ, ಬೇಡ್ವಾ? ಇಲ್ಲಿ ನಮ್ಮಲ್ಲೇ ದಿನಾ ಜಗಳ.”

ವೈನಿ ಫೋನ್ ಕಸಿದುಕೊಂಡಳು. ಅರ್ಧ ಕನ್ನಡ, ಅರ್ಧ ಮರಾಠಿ. “ನೋಡ ಬಾಳಾ, ನನ್ನ ಮಗಳ, ಕಣ್ಣಿಗೆ ಮರಾಠಿ ಕೊಟ್ಟಿ, ಛಲೋ ಮಾಡಿದಿ. ಬಟ್ಟಿಗೆ ಯಾಕ ಕೊಟ್ಟಿ? ನನ್ನ ಬಟ್ಟ ಅಕ್ಷರ ಒತ್ತೂದಿಲ್ಲ, ಜಾಗಾ ಒತ್ತತೈತಿ. ನಮ್ಮ ಓಣ್ಯಾಗ ಮರಾಠ್ಯಾರು, ಕನ್ನಡದಾರು, ಮುಸಲರು ಎಲ್ಲಾರೂ ಬೀಡಿ ಕಟ್ಟತಾರ. ಹಾಡ ಬ್ಯಾರೆ ಬ್ಯಾರೆ. ಬಾಯಿ ಮುಚ್ಚೂದು ಒಂದ ನಮೂನಿ. ಅದನ್ನ ಯಾಕ ಬದಲ ಮಾಡತಿ?”

ಹುಡುಗಿ ಅದನ್ನು ಇನ್ನೊಮ್ಮೆ ಹೇಳಿಸಿ ಬರೆದುಕೊಂಡಳು. ಒಂದು ತಾಸಿನೊಳಗೆ ವೈನಿಯ ಪರದೆಗೆ ಹಳೆಯ ಜಾಗಗಳನ್ನು ತಂದುಕೊಟ್ಟಳು. ಮಾತು ಮರಾಠಿ, ಕೀಲಿ ಮೊದಲಿನವು. “ನಿಮಗೆ ಮೇಡಂ?” ಎಂದು ನನ್ನನ್ನು ಕೇಳಿದಳು.

ವೈನಿ ಹೇಳಿದ್ದು ಸರಿ ಎಂದು ನನಗೆ ಅನಿಸಿತ್ತು. ಆದರೂ ಸೋಮವಾರ ಬೆಳಿಗ್ಗೆಯ ಆ ‘ಉ’ವನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ನನ್ನ ಬೆರಳು ಓದಿಕೊಂಡೇ ಬೆಳೆದದ್ದು. ಅದಕ್ಕೆ ಅಕ್ಷರ ಬೇಕು. “ನನಗ ಉ ಇರ್ಲಿ,” ಎಂದೆ. “ತ ಮಾತ್ರ ಖಾಲಿ ಬಿಡ್ರಿ. ಅದರಾಗ ಏನೂ ಇಡಬ್ಯಾಡ್ರಿ.”

ಹನ್ನೆರಡಕ್ಕೆ ವೈನಿ ಕೂತಳು. ಪುಸ್ತಕಗಳು ಇನ್ನೂ ಮೇಜಿನ ಪಕ್ಕದಲ್ಲೇ ಸಾಲಾಗಿದ್ದವು. ನಾನು ಒಂದೊಂದನ್ನು ತೆರೆದು ಹೆಸರು, ಬರೆದವರು, ಪುಟ ಓದುತ್ತ ಹೋದೆ. ಮೊದಲ ಹತ್ತು ಪುಸ್ತಕಕ್ಕೆ ಅವಳು ನನ್ನ ಹಿಂದೆ ಬಂದಳು. ಆಮೇಲೆ ನಾನು ಅವಳ ಹಿಂದಾದೆ. ನಾನು ಪುಟದ ಸಂಖ್ಯೆ ಹುಡುಕುವಷ್ಟರಲ್ಲಿ ಅವಳ ಬೆರಳು ಗುಳ್ಳಿಗಳ ಮೇಲೆ ಬಂದು ಕಾಯುತ್ತಿತ್ತು. ಸಂಖ್ಯೆ ನನ್ನ ಬಾಯಿಂದ ಬೀಳುತ್ತಲೇ ಹೆಬ್ಬೆರಳು, ಉಂಗುರ ಬೆರಳು, ಚಿವುಟು. ಮುಂದಿನದು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹಾಡು ಹಾಕಿಕೊಂಡು ಹೋಯಿತು, ಅವಳು ಅದರ ಕಡೆ ನೋಡುತ್ತ, “ಎರಡ ಟ್ರಾಲಿ ಹಚ್ಯಾನ ಹುಚ್ಚ, ಹೊಳ್ಳಿಸೂದು ಹೆಂಗ?” ಎನ್ನುತ್ತ, ಮೂರು ಪುಸ್ತಕ ಮುಗಿಸಿದಳು. ಮೂರನ್ನೂ ನಾನು ಪರದೆಯ ಮೇಲೆ ತಪಾಸಣೆ ಮಾಡಿದೆ. ಒಂದು ಅಕ್ಷರ ತಪ್ಪಿರಲಿಲ್ಲ.

ಕಾರ್ಯದರ್ಶಿಗಳು ಪೇಪರ್ ಓದುತ್ತಿರುವಂತೆ ಕೂತಿದ್ದರು. ಅರ್ಧ ಗಂಟೆ ಒಂದೇ ಪುಟ. ಕೊನೆಗೆ ಪೇಪರ್ ಮಡಿಸಿ ಎದ್ದು ಬಂದು ಅವಳ ಕುರ್ಚಿಯ ಹಿಂದೆ ನಿಂತರು. ಪರದೆ ನೋಡಲಿಲ್ಲ, ಕೈ ನೋಡಿದರು. ಆಮೇಲೆ ತಾವೇ ಹೋಗಿ ಮೂರು ಚಹಾ ಹೇಳಿ ಬಂದರು.

ಶುಕ್ರವಾರ ಕತ್ತಲಾದರೂ ಮುಗಿಯಲಿಲ್ಲ. ಆ ದಿನ ಅವಳು ಕೊನೆಯ ಬಸ್ಸಿಗೆ ನಿಪ್ಪಾಣಿಗೆ ಹೋದಳು. ಶನಿವಾರ ಮೊದಲ ಬಸ್ಸಿಗೆ ಬಂದಳು. ಒಂದೂವರೆಗೆ ಕೊನೆಯ ಪುಸ್ತಕ ಚಿವುಟಿ, “ಆತ,” ಎಂದಳು. ನಾಲ್ಕು ದಿನ ಮೌಸ್ ಹಿಡಿದು ಎಳೆದ ಕೆಲಸ ಒಂದು ದಿನಕ್ಕೆ ಮುಗಿದಿತ್ತು. ನಾನು ಪಟ್ಟಿ ತಪಾಸಣೆ ಮಾಡಲಿಲ್ಲ. ಮುಟ್ಟಲೇ ಇಲ್ಲ. ಕೈ ಸೆರಗಿನೊಳಗೆ ಇಟ್ಟುಕೊಂಡು ದೂರ ಕೂತೆ.

ಮೂರಕ್ಕೆ ಕಮಿಟಿಯ ನಾಲ್ವರು ಬಂದರು. ಅವರಲ್ಲಿ ಒಬ್ಬರು ಕಪಾಟಿನಿಂದ ಹಳೆಯ ಮರಾಠಿ ಪುಸ್ತಕವೊಂದನ್ನು ಎತ್ತಿ ಹಿಡಿದು, ಇದು ಪಟ್ಟಿಯಲ್ಲಿದೆಯೇ ಎಂದು ಕೇಳಿದರು. ಕಾರ್ಯದರ್ಶಿಗಳು ವೈನಿಯ ಕಡೆ ತಿರುಗಿ, “ಅದನ್ನ ತಗ...” ಎಂದವರು ನಾಲಿಗೆ ಕಚ್ಚಿಕೊಂಡರು. “ಅಲ್ಲಲ್ಲ. ತೋರಸ್ರಿ ಬಾಯಿ, ತೋರಸ್ರಿ.” ನಾಲ್ವರಿಗೂ ಅವರೇಕೆ ಬೆವರಿದರು ಎಂದು ತಿಳಿಯಲಿಲ್ಲ. ವೈನಿ ಕಣ್ಣು ಆ ಹಿರಿಯರ ಮುಖದ ಮೇಲಿಟ್ಟೇ ನಾಲ್ಕು ಕೀಲಿ ಒತ್ತಿದಳು, ಪುಸ್ತಕ ಪರದೆಯ ಮೇಲೆ ಬಂತು. ಅವರು ಪುಸ್ತಕ ಬಿಟ್ಟು ಅವಳ ಕೈಯನ್ನೇ ನೋಡಿದರು. “ಎಲ್ಲಿ ಕಲತ್ರಿ ಇದನ್ನ?”

“ನಿಪ್ಪಾಣ್ಯಾಗ್ರಿ,” ಎಂದಳು ವೈನಿ. ಸುಳ್ಳೇನಲ್ಲ.

ಅವರನ್ನೆಲ್ಲ ಕಳಿಸಿ ಬಂದ ಕಾರ್ಯದರ್ಶಿಗಳು, “ಸೋಮವಾರ ಹತ್ತಕ್ಕ ಬರ್ರಿ ಬಾಯಿ. ಇನ್ನ ನೋಡೋಣು ಅನ್ನೂದಿಲ್ಲ,” ಎಂದರು. ವೈನಿ ತಲೆ ಆಡಿಸಿ ಪುಸ್ತಕ ಒರೆಸುವ ಅರಿವೆ ಕೈಗೆತ್ತಿಕೊಂಡಳು. ಅದನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಆಮೇಲೆ ಕಪಾಟಿನ ಮರೆಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ.

ಆ ದಿನ ಅವಳನ್ನು ಬಸ್ಸಿಗೆ ಹತ್ತಿಸಲಿಲ್ಲ, ನಮ್ಮ ಮನೆಗೆ ಕರೆದುಕೊಂಡು ಬಂದೆ. ಅವಳು ಬದನೆಕಾಯಿ ಸೀಳಿದಳು, ನಾನು ಗುರುವಾರದ ಶೇಂಗಾ ಕುಟ್ಟಿ ಮಸಾಲೆ ತುಂಬಿದೆ. ರೊಟ್ಟಿ ಬೇಯುತ್ತಿರುವಾಗ ಹೊರಗೆ ಯಜಮಾನರ ಚಪ್ಪಲಿಯ ಸದ್ದು. ಕಾಗವಾಡದ ಗಾಡಿ ಬಿಟ್ಟು ಬಂದಿದ್ದರು.

“ಏ, ಬಾಗಲಾ ತಗಿ!”

ನಾನು ಏಳುವ ಮೊದಲೇ ವೈನಿ ಒಲೆಯ ಮುಂದಿನಿಂದ ಕೂಗಿದಳು, “ತೆಗೆಯಬೇಕೆ? ಹೌದೋ, ಬ್ಯಾಡೋ?”

“ಹೌದಬೇ, ಹಸದೀನಿ!”

“ವಿಚಾರ ಮಾಡಿ ಹೇಳ್ರಿ ಭಾವಜೀ. ಹೋದದ್ದು ತಿರುಗಿ ಬರೂದಿಲ್ಲ!”

ನಾನು ನಕ್ಕು ನಕ್ಕು ರೊಟ್ಟಿ ಹೊತ್ತಿಸಿಬಿಟ್ಟೆ. ಅವರು ಒಂದು ತುತ್ತೂ ಬಿಡದೆ ಕಥೆ ಕೇಳಿದರು. ಘಂಟಿಯ ಮಾತು ಮತ್ತೆ ಎತ್ತಬಹುದಿತ್ತು, ಎತ್ತಲಿಲ್ಲ.

ಈಗಲೂ ಮರೆತು ನಾನು ‘ತ’ ಒತ್ತುವುದುಂಟು. ಏನೂ ಆಗುವುದಿಲ್ಲ. ಪುಸ್ತಕ ಇದ್ದಲ್ಲೇ ಇರುತ್ತದೆ. ಒಂದು ಉಸಿರು ಬಿಟ್ಟು ‘ಉ’ ಒತ್ತಿ ಮುಂದೆ ಹೋಗುತ್ತೇನೆ.

ಆ ಶನಿವಾರ ಉಂಡದ್ದು: ಜೋಳದ ರೊಟ್ಟಿ, ಒಂದು ಹೊತ್ತಿದ್ದು, ಎಣ್ಣೆಗಾಯಿ, ಝುಣಕ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಹೊತ್ತಿದ ರೊಟ್ಟಿಯನ್ನು ನಾನೇ ತಿಂದೆ. ಮೊದಲು ಮಲಗಿದ್ದು ವೈನಿ, ತಾಟು ತೊಳೆಯುವ ಮೊದಲೇ, ಒಮ್ಮೆಯೂ ಕೆಮ್ಮಲಿಲ್ಲ. ಆಮೇಲೆ ಯಜಮಾನರು. ಬಾಗಿಲು ಹಾಕಿದವಳು ನಾನು.